ನೊರೆಯೊಳಗಿನ ನಂಜು

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿಯು ಹೊಸೂರು ಪ್ರಾಂತದ ನಮಗೆಲ್ಲ ತಾಯಿಯಂತಹ ನದಿ. ಆದರೆ ಬೆಂಗಳೂರಿನ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿನೀರು ಆ ಮಹಾನಗರದ ಕೊಳಚೆಯನ್ನು ಹೊತ್ತು ಇದೇ ನದಿಯನ್ನು ಸೇರುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ್ದನ್ನು ನಾಡೆಲ್ಲ ಕಂಡಿತು. ಕೆಲವರಪಳ್ಳಿ ಜಲಾಶಯದಿಂದ ನೀರು ಧುಮುಕುವಾಗ ಏಳುವ ನೊರೆಯ ರಾಶಿಯನ್ನು ಕಾಣದವರು ನಮ್ಮಲ್ಲಿ ವಿರಳ.

ನೊರೆಗೆ ಮುಖ್ಯ ಕಾರಣ ಬಟ್ಟೆ, ಪಾತ್ರೆ ತೊಳೆಯುವ ಸಾಬೂನುಪುಡಿಯ ಶೇಷ. ಅದು ಕಣ್ಣಿಗೆ ಕಾಣುವ ಕೇಡು. ಕಾಣದ ಕೇಡು ಇನ್ನೂ ದೊಡ್ಡದು. ಮಲದೊಡನೆ ಬರುವ ರೋಗಾಣುಗಳಿಂದ ವಾಂತಿಭೇದಿ, ವಿಷಮಶೀತಜ್ವರ, ಕಾಮಾಲೆಗಳು ಹರಡುತ್ತವೆ. ಜಂತುಹುಳುವಿನ ಮೊಟ್ಟೆಗಳು ಸೊಪ್ಪಿಗೆ ಅಂಟಿ ಅಡುಗೆಮನೆಯನ್ನು ಸೇರುತ್ತವೆ. ಆದುದರಿಂದ ನೊರೆ ಅಡಗಿದ ದಿನ ನೀರು ಶುದ್ಧವಾಯಿತೆಂದು ಭಾವಿಸಲಾಗದು.

ಗೃಹಿಣಿಯರು ಮರೆಯಬಾರದ ಮಾತೊಂದುಂಟು. ಕುದಿಸಿದರೆ ರೋಗಾಣುಗಳು ಸಾಯುತ್ತವೆ. ಕಾರ್ಖಾನೆಗಳ ಲೋಹವಿಷ ಹೋಗದು. ನದಿದಂಡೆಯ ಬಾವಿನೀರನ್ನು ಪರೀಕ್ಷೆ ಮಾಡಿಸದೆ ಕುಡಿಯಬಾರದು. ಸೊಪ್ಪನ್ನು ಚೆನ್ನಾಗಿ ತೊಳೆದು ಬೇಯಿಸಿಯೇ ಉಣ್ಣಬೇಕು. ಮಕ್ಕಳನ್ನು ನೊರೆಯಲ್ಲಿ ಆಡಬಿಡಬಾರದು. ಮಗುವಿಗೆ ಭೇದಿಯಾದರೆ, ಕುದಿಸಿ ಆರಿಸಿದ 1 ಲೀಟರ್ ಶುದ್ಧ ನೀರಿಗೆ 6 ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ರಾಜ್ಯಕ್ಕೆ ಗಡಿಯುಂಟು, ನದಿಗಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮ ನೆಂಟರ ಬಚ್ಚಲುನೀರೇ ನಮ್ಮ ಹೊಲಗಳಿಗೆ ಹರಿದು ಬರುತ್ತಿದೆ. ಮುಂದಿನ ಹಬ್ಬಕ್ಕೆ ಅವರು ಬಂದಾಗ ನದಿದಂಡೆಗೊಮ್ಮೆ ಕರೆದೊಯ್ದು ತೋರಿಸೋಣ.