ಹಳೆಯ ಫಿಯೆಟ್‌ನ ಟಾಪ್ ಕತ್ತರಿಸಿ ಓಪನ್ ಕಾರು ಮಾಡಬಹುದೇ? ಗ್ರೈಂಡರ್ ಹಿಡಿಯುವ ಮುನ್ನ ಇದನ್ನು ಓದಿ

ಮುಂಬೈ: ಸಂಜೆ ಹೊತ್ತು ಮರೀನ್ ಡ್ರೈವ್‌ನಲ್ಲಿ ಟಾಪ್ ಇಲ್ಲದ ಹಳೆಯ ಫಿಯೆಟ್ ಓಡಿಸಬೇಕೆಂಬ ಆಸೆ ಕಾರು ಪ್ರಿಯರಲ್ಲಿ ಅನೇಕರಿಗಿದೆ. 2023ರ ಅಕ್ಟೋಬರ್ ಕೊನೆಗೆ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ನಗರದ ರಸ್ತೆಗಳಿಂದ ಮರೆಯಾದವು. ಆದರೆ ಮನೆ ಮುಂದಿನ ಶೆಡ್‌ಗಳಲ್ಲಿ ಉಳಿದಿರುವ ಖಾಸಗಿ ಪದ್ಮಿನಿಗಳ ಮೇಲಿನ ಮೋಹ ಹೋಗಿಲ್ಲ. ಟಾಪ್ ಕತ್ತರಿಸಲು ಗ್ಯಾರೇಜಿನಲ್ಲಿ ಅರ್ಧ ದಿನ ಸಾಕು. ನಿಜವಾದ ತಲೆನೋವು ಶುರುವಾಗುವುದು ಆಮೇಲೆ.

ಕುರ್ಲಾದ ಪ್ರೀಮಿಯರ್ ಆಟೋಮೊಬೈಲ್ಸ್ ಕಾರ್ಖಾನೆಯಲ್ಲಿ 1964ರಿಂದ ತಯಾರಾದ ಫಿಯೆಟ್ 1100 ಕಾರಿಗೆ 'ಪದ್ಮಿನಿ' ಎಂಬ ಹೆಸರು ಬಂದದ್ದು 1974ರಲ್ಲಿ. ಇದರಲ್ಲಿ ಲಾರಿ ಅಥವಾ ಹಳೆಯ ಜೀಪಿನಂತೆ ಪ್ರತ್ಯೇಕ ಚಾಸಿಸ್ ಇಲ್ಲ. ನೆಲ, ಕಂಬಗಳು, ಛಾವಣಿ ಎಲ್ಲವೂ ಸೇರಿ ಒಂದೇ ಪೆಟ್ಟಿಗೆ. ಮಿಠಾಯಿ ಡಬ್ಬದ ಮುಚ್ಚಳ ತೆಗೆದು ಎರಡು ತುದಿ ಹಿಡಿದು ತಿರುಚಿ ನೋಡಿ, ಸುಲಭವಾಗಿ ಬಾಗುತ್ತದೆ. ಕಾರಿನ ಕಥೆಯೂ ಇದೇ. ಛಾವಣಿ ಹೋದರೆ ನಡುಭಾಗ ಕುಸಿಯುತ್ತದೆ, ಬಾಗಿಲು ಹಾಕಿದರೆ ಕೂರುವುದಿಲ್ಲ, ಹೊಂಡಕ್ಕೆ ಇಳಿದಾಗ ಮುಂದಿನ ಗಾಜು ಬಿರುಕು ಬಿಡಬಹುದು. ಕಾರು ಪಲ್ಟಿಯಾದರೆ ತಲೆಗೆ ರಕ್ಷಣೆ ಇಲ್ಲ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಅನುಭವಿ ಟಿಂಕರ್ ಮೊದಲು ಕತ್ತರಿಸುವುದೇ ಇಲ್ಲ. ಬಾಗಿಲಿನ ಜಾಗದಲ್ಲಿ ಅಡ್ಡಕ್ಕೆ ಕಬ್ಬಿಣದ ಪೈಪುಗಳನ್ನು ತಾತ್ಕಾಲಿಕವಾಗಿ ವೆಲ್ಡ್ ಮಾಡಿ, ಅಳತೆ ಗುರುತಿಸಿಕೊಳ್ಳುತ್ತಾನೆ. ಬಾಗಿಲಿನ ಕೆಳಗಿನ ಪಟ್ಟಿಗಳ ಒಳಗೆ ದಪ್ಪ ಉಕ್ಕು ಸೇರಿಸಿ, ನೆಲದಡಿ ಅಡ್ಡ ತೊಲೆಗಳನ್ನು ಕೂರಿಸಿ, ಮುಂದಿನ ಗಾಜಿನ ಚೌಕಟ್ಟನ್ನು ಬಲಪಡಿಸಿದ ಮೇಲಷ್ಟೇ ಗ್ರೈಂಡರ್ ಕೈಗೆ ಬರುತ್ತದೆ. ಇಷ್ಟೆಲ್ಲ ಸೇರಿದರೆ ತೂಕ ಇಳಿಯುವ ಬದಲು ಏರಬಹುದು. 1,089 ಸಿಸಿಯ ಪುಟ್ಟ ಎಂಜಿನ್‌ಗೆ ಅದೂ ಭಾರವೇ. ಇನ್ನು ಮುಂಬೈಯ ಉಪ್ಪುಗಾಳಿ, ಮಳೆಗೆ ಆ ಕೆಳಪಟ್ಟಿಗಳೇ ಮೊದಲು ತುಕ್ಕು ಹಿಡಿದಿರುತ್ತವೆ. ತುಕ್ಕಿನ ಮೇಲೆ ವೆಲ್ಡಿಂಗ್ ಮಾಡಿ ಪೇಂಟ್ ಹೊಡೆದ ಕಾರು ನೋಡಲು ಚೆಂದ, ನಂಬಲು ಕಷ್ಟ.

ಇಟಲಿಯಲ್ಲಿ ಫಿಯೆಟ್ ಕಂಪನಿಯೇ 1955ರಲ್ಲಿ ಇದೇ 1100 ಕುಟುಂಬದಲ್ಲಿ 'ಟ್ರಾಸ್ಫೊರ್ಮಾಬಿಲೆ' ಎಂಬ ಓಪನ್ ಕಾರು ತಂದಿತ್ತು. ಆದರೆ ಅದು ನಾಲ್ಕು ಬಾಗಿಲ ಕಾರಿನ ತಲೆ ಹಾರಿಸಿ ಮಾಡಿದ್ದಲ್ಲ, ಅದಕ್ಕಾಗಿಯೇ ರೂಪಿಸಿದ ಎರಡು ಬಾಗಿಲ ಬಾಡಿ.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಬಳಿಕ, ಅನುಮತಿಯಿಲ್ಲದ ಬದಲಾವಣೆಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂ. ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆರ್‌ಸಿ ನವೀಕರಣಕ್ಕೆ ಹೋದಾಗ ಆರ್‌ಟಿಒ ತಪಾಸಣೆಯಲ್ಲಿ ಇಲ್ಲದ ಛಾವಣಿಯನ್ನು ಮುಚ್ಚಿಡಲು ಸಾಧ್ಯವೇ? ಅಪಘಾತವಾದರೆ ಕ್ಲೈಮ್ ನಿರಾಕರಿಸಲು ವಿಮಾ ಕಂಪನಿಗೂ ಕಾರಣ ಸಿಕ್ಕಂತಾಗುತ್ತದೆ.

ದೊಡ್ಡ ನಷ್ಟ ಇನ್ನೊಂದಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಕಾರಿಗೆ 20,000 ರೂ. ಶುಲ್ಕ ಕಟ್ಟಿದರೆ 10 ವರ್ಷದ ನೋಂದಣಿ, 'ವಿಎ' ಅಕ್ಷರಗಳಿರುವ ನಂಬರ್ ಪ್ಲೇಟ್ ಸಿಗುತ್ತದೆ. ಷರತ್ತು ಒಂದೇ: ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲಿರಬೇಕು. ಅರವತ್ತರ ದಶಕದ ಫಿಯೆಟ್‌ಗಳು ಈಗಾಗಲೇ ಈ ವಯಸ್ಸು ಮುಟ್ಟಿವೆ, ಮೊದಲ ಪದ್ಮಿನಿಗಳು ಈಗಷ್ಟೇ ಮುಟ್ಟುತ್ತಿವೆ. ಅಜ್ಜನ ಕಾಲದಿಂದ ಉಳಿಸಿಕೊಂಡು ಬಂದ ಕಾರಿನ ಟಾಪ್ ಕತ್ತರಿಸಿದರೆ ಈ ಬಾಗಿಲು ಮುಚ್ಚಿದಂತೆಯೇ.

ಗಾಳಿ ಬೇಕೆಂದರೆ ಪದ್ಮಿನಿಯ ಮುಂದಿನ ಬಾಗಿಲಲ್ಲಿರುವ ತ್ರಿಕೋನಾಕಾರದ ಪುಟ್ಟ ಗಾಜು ತಿರುಗಿಸಿದರೆ ಮುಖಕ್ಕೇ ಬೀಸುತ್ತದೆ. ಓಪನ್ ಕಾರೇ ಬೇಕೆನ್ನುವವರಿಗೆ ಕಂಪನಿಯಿಂದಲೇ ಹಾಗೆ ಬಂದ ಹಳೆಯ ಕಾರು ಅಥವಾ ಜೀಪು ಹುಡುಕುವುದು ಲೇಸು. ಯಾರೋ ಈಗಾಗಲೇ ಕತ್ತರಿಸಿದ ಫಿಯೆಟ್ ಮಾರಾಟಕ್ಕೆ ಬಂದಿದ್ದರೆ ಮುಂಗಡ ಕೊಡುವ ಮೊದಲು ಆರ್‌ಸಿಯಲ್ಲಿ ಬಾಡಿಯ ಬಗೆ ಏನೆಂದು ನಮೂದಾಗಿದೆ ನೋಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ನಾಲ್ಕೂ ಬಾಗಿಲುಗಳನ್ನು ತೆರೆದು ಹಾಕಿ. ಒಂದಾದರೂ ಎತ್ತಿ ಹಾಕಬೇಕಾಗಿ ಬಂದರೆ ಆ ಕಾರು ನಡುವಿನಲ್ಲಿ ಬಾಗಿರುವ ಸಾಧ್ಯತೆಯೇ ಹೆಚ್ಚು.