ಗುದ್ದುವ ಮುನ್ನ ಗುರುವಿಗೆ ನಮಸ್ಕಾರ

ಬ್ಯಾಂಕಾಕಿನ ರಾಚದಮ್ನೋನ್ ಕ್ರೀಡಾಂಗಣದ ಅಖಾಡಕ್ಕೆ ಇಳಿದ ಹುಡುಗನ ಮೈಮೇಲೆ ಹೊಳೆಯುವ ಸ್ಯಾಟಿನ್ ಚಡ್ಡಿ ಬಿಟ್ಟರೆ ಬೇರೆ ಬಟ್ಟೆಯಿಲ್ಲ. ಕೈಗೆ ಗವಸು, ರಟ್ಟೆಗೆ ಕಟ್ಟಿದ ಪಟ್ಟಿ, ಕೊರಳಲ್ಲಿ ಹೂಮಾಲೆ, ತಲೆಗೆ ಹಗ್ಗದಂತೆ ಹೆಣೆದ ಒಂದು ಬಳೆ. ಇನ್ನು ಕೆಲವೇ ನಿಮಿಷಗಳಲ್ಲಿ ಅವನು ಎದುರಾಳಿಯ ಪಕ್ಕೆಗೆ ಮೊಣಕಾಲು ತಿವಿಯಬೇಕು. ಆದರೆ ಅವನಿಗೆ ಅವಸರವೇ ಇಲ್ಲ. ಹಗ್ಗದ ಮೇಲೆ ಕೈಯಿಟ್ಟು ಅಖಾಡವನ್ನು ಸುತ್ತುತ್ತಾನೆ, ಮೂಲೆ ಮೂಲೆಯಲ್ಲೂ ನಿಂತು ತಲೆಬಾಗುತ್ತಾನೆ. ನಡುವೆ ಬಂದು ಮಂಡಿಯೂರಿ ಮೂರು ಸಲ ನೆಲ ಮುಟ್ಟಿ ನಮಸ್ಕರಿಸುತ್ತಾನೆ. ಆಮೇಲೆ ನಿಧಾನವಾಗಿ ಏಳುತ್ತ, ಒಂದು ಕಾಲು ಮಡಿಸಿ, ಇಲ್ಲದ ಬತ್ತಳಿಕೆಯಿಂದ ಇಲ್ಲದ ಬಾಣ ತೆಗೆದು, ಇಲ್ಲದ ಬಿಲ್ಲಿನ ಹೆದೆಯನ್ನು ಕಿವಿಯವರೆಗೆ ಎಳೆದು ಎದುರು ಮೂಲೆಗೆ ಬಿಡುತ್ತಾನೆ. ಅದು ರಾಮಬಾಣ. ಥಾಯ್ ಜನರ ರಾಮಾಯಣವಾದ ರಾಮಕಿಯೆನ್‌ನ ರಾಮ ಬಿಡುವ ಬಾಣ.

ಮುವಾಯ್ ಥಾಯ್ ಎಂದರೆ ಮೊಣಕೈ, ಮೊಣಕಾಲು, ಮುಷ್ಟಿ, ಕಣಕಾಲ ಮೂಳೆ ಎಲ್ಲವೂ ಆಯುಧವಾಗುವ ಕಾಳಗ. ನೋಡಿದವರಿಗೆ ನೆನಪಿನಲ್ಲಿ ಉಳಿಯುವುದು ರಕ್ತ, ಬೆವರು, ಬಾಜಿಕೋರರ ಕೂಗಾಟ. ಆದರೆ ನನಗೆ ಈ ಆಟದಲ್ಲಿ ದೊಡ್ಡದಾಗಿ ಕಾಣುವುದು ಆಟಕ್ಕೆ ಮುಂಚಿನ ಆ ನಾಲ್ಕೈದು ನಿಮಿಷ. ತನಗಿಂತ ಮುಂಚೆ ಗುದ್ದಾಡಿ ಹೋದವರನ್ನು, ತನಗೆ ಗುದ್ದಲು ಕಲಿಸಿದವರನ್ನು ಮೈಯಿಂದಲೇ ನೆನೆಯದೆ ಮೊದಲ ಏಟು ಹೊಡೆಯುವಂತಿಲ್ಲ ಎಂಬ ಕಟ್ಟಳೆಯನ್ನು ಬೇರೆ ಯಾವ ಆಟ ಇಷ್ಟು ಗಟ್ಟಿಯಾಗಿ ಉಳಿಸಿಕೊಂಡಿದೆ? ಕ್ರಿಕೆಟ್ಟಿಗೆ ಪ್ರತಿಮೆಗಳಿವೆ, ಫುಟ್‌ಬಾಲಿಗೆ ವಸ್ತುಸಂಗ್ರಹಾಲಯಗಳಿವೆ. ಥಾಯ್ ಮಲ್ಲರಿಗೆ ಇರುವುದು ವಾಯ್ ಕ್ರೂ, ಅಂದರೆ ಗುರುವಂದನೆ. ಅದರ ಹಿಂದೆಯೇ ರಾಮ್ ಮುವಾಯ್ ಎಂಬ ಕುಣಿತ. ಪ್ರತಿ ಗರಡಿಯ ಕುಣಿತದಲ್ಲೂ ಚೂರುಪಾರು ವ್ಯತ್ಯಾಸ. ಬಲ್ಲವರು ಕೈ ತಿರುಗಿಸುವ ರೀತಿ ನೋಡಿಯೇ ಹುಡುಗ ಯಾರ ಕೈಕೆಳಗೆ ಪಳಗಿದವನೆಂದು ಗುರುತಿಸುತ್ತಾರೆ.

ತಲೆಯ ಮೇಲಿನ ಬಳೆಗೆ ಮೊಂಗ್‌ಕೊನ್ ಎನ್ನುತ್ತಾರೆ. ಅದು ಪೈಲ್ವಾನನ ಸ್ವಂತದ್ದಲ್ಲ, ಗರಡಿಯದ್ದು. ಅದನ್ನು ತೊಡಿಸುವವನೂ ತೆಗೆಯುವವನೂ ಗುರುವೇ. ನೆಲಕ್ಕೆ ತಾಕಬಾರದು. ತಲೆ ಪವಿತ್ರವೆಂಬ ನಂಬಿಕೆಯಿಂದಾಗಿ ಗಂಡಸರು ಅಖಾಡದ ಹಗ್ಗದ ಕೆಳಗೆ ನುಸುಳುವುದಿಲ್ಲ, ಮೇಲಿನ ಹಗ್ಗವನ್ನು ದಾಟಿ ಬರುತ್ತಾರೆ. ಹೆಂಗಸರು ಮಾತ್ರ ಬಹಳ ಕಾಲ ಕೆಳಗಿನ ಹಗ್ಗದಡಿ ತೆವಳಿ ಬರಬೇಕಿತ್ತು. ದೊಡ್ಡ ಅಖಾಡಗಳಲ್ಲಂತೂ ಅಷ್ಟಕ್ಕೂ ಅವಕಾಶವಿರಲಿಲ್ಲ. ಬ್ಯಾಂಕಾಕಿನ ಇನ್ನೊಂದು ಹೆಸರಾಂತ ಕ್ರೀಡಾಂಗಣ ಲುಂಪಿನಿಯಲ್ಲಿ ಹೆಂಗಸರು ಅಖಾಡವನ್ನು ಮುಟ್ಟಿದರೂ ಮೈಲಿಗೆ ಎಂಬ ನಿಯಮವಿತ್ತು. ಅದು ಮುರಿದದ್ದು ತೀರ ಈಚೆಗೆ, 2021ರ ನವೆಂಬರಿನಲ್ಲಿ. ಹಳೆಯದೆಲ್ಲವೂ ಹೊನ್ನಲ್ಲ ಎನ್ನುವುದಕ್ಕೆ ಈ ಒಂದು ನಿಯಮ ಸಾಕು.

ಈ ಎಲ್ಲಕ್ಕೂ ಮನೆಯಾಗಿರುವುದು ರಾಚದಮ್ನೋನ್. ಆ ಹೆಸರಿನ ಅಗಲ ರಾಜಮಾರ್ಗದ ಪಕ್ಕದಲ್ಲಿ, ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಆದೇಶದಂತೆ 1941ರ ಮಾರ್ಚಿನಲ್ಲಿ ಕಟ್ಟಡದ ಕೆಲಸ ಶುರುವಾಯಿತು. ಅಷ್ಟರಲ್ಲಿ ಯುದ್ಧ ಬಂತು, ಸಾಮಾನು ಸಿಗಲಿಲ್ಲ, ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ, 1945ರ ಡಿಸೆಂಬರ್ 23ರಂದು ಮೊದಲ ಕಾಳಗ ನಡೆಯಿತು. ಚಾವಣಿ ಇರಲಿಲ್ಲ. ಮಳೆ ಬಂದರೆ ಆಟ ಬಂದ್. 1951ರಲ್ಲಿ ಚಾವಣಿ ಬಂದ ಮೇಲೆ ವರ್ಷಪೂರ್ತಿ ಗುದ್ದಾಟಕ್ಕೆ ಅಡ್ಡಿಯಿಲ್ಲವಾಯಿತು. ಆ ಮೊದಲ ಕಾಳಗದ ಹನ್ನೊಂದು ವರ್ಷಗಳ ನಂತರ, 1956ರಲ್ಲಿ, ಸೈನ್ಯದ ಆಡಳಿತದಲ್ಲಿ ಲುಂಪಿನಿ ತೆರೆಯಿತು. ಅಲ್ಲಿಂದಾಚೆಗೆ ಥಾಯ್ಲೆಂಡಿನ ಯಾವ ಹಳ್ಳಿಯ ಹುಡುಗನ ಕನಸಿಗೂ ಈ ಎರಡರಲ್ಲೊಂದರ ಬೆಲ್ಟೇ ತುದಿ.

ಅದಕ್ಕೂ ಹಿಂದೆ ಆಟದ ಚಹರೆ ಬೇರೆಯೇ ಆಗಿತ್ತು. ಗವಸಿನ ಬದಲು ಕೈಗೆ ನೂಲುಹಗ್ಗ ಸುತ್ತಿಕೊಳ್ಳುತ್ತಿದ್ದರು. ಸುತ್ತಿನ ಹೊತ್ತನ್ನು ಅಳೆಯಲು ತಳದಲ್ಲಿ ತೂತು ಕೊರೆದ ತೆಂಗಿನ ಚಿಪ್ಪನ್ನು ನೀರಿಗೆ ಬಿಡುತ್ತಿದ್ದರಂತೆ. ಚಿಪ್ಪು ಮುಳುಗಿದರೆ ಸುತ್ತು ಮುಗಿಯಿತು. ಹಗ್ಗದ ಮುಷ್ಟಿಯ ಏಟಿಗೆ ಒಬ್ಬ ಪ್ರಾಣ ಬಿಟ್ಟ ಮೇಲೆ, 1920ರ ದಶಕದ ಕೊನೆಯ ಹೊತ್ತಿಗೆ, ಗವಸು ಕಡ್ಡಾಯವಾಯಿತು. ಈಗ ಮೂರು ನಿಮಿಷದ ಐದು ಸುತ್ತು, ನಡುವೆ ಎರಡೆರಡು ನಿಮಿಷ ಬಿಡುವು. ಜೊತೆಗೆ ಜಾವಾ ಮೂಲದ ಒಂದು ಬಗೆಯ ಓಲಗ, ಜೋಡಿ ಮದ್ದಲೆ, ಪುಟ್ಟ ತಾಳ. ವಂದನೆಯ ಹೊತ್ತಿಗೆ ವಿಲಂಬದಲ್ಲಿ ನುಡಿಯುವ ಈ ಮೇಳ ಸುತ್ತು ಏರಿದ ಹಾಗೆ ಲಯವನ್ನೂ ಏರಿಸುತ್ತದೆ. ಐದನೆಯ ಸುತ್ತಿಗೆ ಬರುವಷ್ಟರಲ್ಲಿ ಪೈಲ್ವಾನರು ವಾದ್ಯಕ್ಕೆ ಹೊಡೆಯುತ್ತಿದ್ದಾರೋ ವಾದ್ಯದವರು ಪೈಲ್ವಾನರಿಗೆ ನುಡಿಸುತ್ತಿದ್ದಾರೋ ತಿಳಿಯದು.

ಹಳೆಯ ಪಟ್ಟುಗಳ ಹೆಸರು ಕೇಳಿದರೆ ನಮ್ಮವರ ಕಿವಿ ನಿಮಿರುತ್ತದೆ. ಸುಮೇರು ಪರ್ವತ ಎತ್ತುವುದು ಒಂದು ಪಟ್ಟು. ಮೊಸಳೆ ಬಾಲ ಬೀಸುವುದು ಇನ್ನೊಂದು. ಎರಡೂ ಮುಷ್ಟಿಯನ್ನು ಕೆಳಗಿನಿಂದ ಒಟ್ಟಿಗೆ ಎತ್ತಿ ಗದ್ದಕ್ಕೆ ಕೊಡುವ ಹೊಡೆತಕ್ಕೆ ಹನುಮಂತ ಉಂಗುರ ಅರ್ಪಿಸುವುದು ಎಂದು ಹೆಸರು. ಹಂಪಿ, ಆನೆಗೊಂದಿಯ ಬಂಡೆಗಳಲ್ಲಿ ಕಿಷ್ಕಿಂಧೆಯನ್ನು ಕಾಣುವ ನಮಗೆ ಆ ಉಂಗುರ ಹೊರಟ ಊರು ಗೊತ್ತು. ಅದು ಸಮುದ್ರ ದಾಟಿ ಬ್ಯಾಂಕಾಕಿನಲ್ಲಿ ಗುದ್ದಾಗಿದೆ. ನಮ್ಮ ಗರಡಿಯ ಹನುಮ ಬ್ರಹ್ಮಚಾರಿ. ರಾಮಕಿಯೆನ್‌ನ ಹನುಮನಿಗೆ ಮಾತ್ರ ಪ್ರೇಮಪ್ರಸಂಗಗಳು ಬೇಕಾದಷ್ಟಿವೆ. ಸೇತುವೆಯ ಕಲ್ಲು ಕದಿಯಲು ಬಂದ ಮತ್ಸ್ಯಕನ್ಯೆಯೇ ಅವನಿಗೆ ಒಲಿಯುತ್ತಾಳೆ. ಕ್ರೀಡಾಂಗಣಕ್ಕೆ ದೂರವಲ್ಲದ ಪಚ್ಚೆ ಬುದ್ಧನ ದೇವಾಲಯದ ಗೋಡೆಗಳಲ್ಲಿ ಆ ಇಡೀ ಕಥೆ 178 ಚಿತ್ರಪಟ್ಟಿಕೆಗಳಲ್ಲಿ ಹರಡಿಕೊಂಡಿದೆ.

ಥಾಯ್ ಮಲ್ಲರ ವಂಶವೃಕ್ಷದ ಬುಡದಲ್ಲಿ ನಿಂತಿರುವವನು ನಾಯ್ ಖನೋಮ್ ತೊಮ್. 1767ರಲ್ಲಿ ಬರ್ಮಾದ ಸೈನ್ಯ ಅಯುತ್ಥಯಾ ರಾಜಧಾನಿಯನ್ನು ಸುಟ್ಟು ಜನರನ್ನು ಸೆರೆ ಒಯ್ದಾಗ ಇವನೂ ಸೆರೆಯಾದ. 1774ರಲ್ಲಿ ಬರ್ಮಾದ ರಾಜನೆದುರು ಒಬ್ಬರ ಮೇಲೊಬ್ಬರಂತೆ ಬರ್ಮೀ ಮಲ್ಲರನ್ನು ಕೆಡವಿ ಬಿಡುಗಡೆ ಪಡೆದ ಎಂಬುದು ಕಥೆ. ಕಾಳಗಕ್ಕೆ ಮುಂಚೆ ಅವನು ಗುರುವಂದನೆಯ ಕುಣಿತ ಮಾಡಿದನೆಂದೂ, ನೋಡಿದವರು ಮಾಟವೆಂದು ಬೆಚ್ಚಿದರೆಂದೂ ಹೇಳುತ್ತಾರೆ. ಇದರಲ್ಲಿ ಚರಿತ್ರೆ ಎಷ್ಟು, ಲಾವಣಿ ಎಷ್ಟು ಎಂದು ಬಿಡಿಸುವ ಗೋಜಿಗೆ ಥಾಯ್ ಜನ ಹೋಗುವುದಿಲ್ಲ. ಪ್ರತಿ ವರ್ಷ ಮಾರ್ಚ್ 17ರಂದು ಅವನ ದಿನ ಆಚರಿಸುತ್ತಾರೆ. ಲೋಕದ ಮೂಲೆಮೂಲೆಯಿಂದ ಈ ವಿದ್ಯೆ ಕಲಿತವರು ಅಯುತ್ಥಯಾಕ್ಕೆ ಬಂದು ಸಾಮೂಹಿಕವಾಗಿ ವಂದನೆ ಸಲ್ಲಿಸುತ್ತಾರೆ.

ದಂತಕಥೆಯ ಮಾತು ಹಾಗಿರಲಿ. ಹಳೆಯ ಅಭಿಮಾನಿಗಳನ್ನು ಕೇಳಿದರೆ ಅವರು ನೆನೆಯುವುದು ಬೇರೆ ಹೆಸರುಗಳನ್ನು. ಅಪಿದೇತ್ ಸಿತ್‌ಹಿರುನ್ ಒಬ್ಬ. 1960ರ ದಶಕದ ಈ ಮಲ್ಲನ ಒದೆತವನ್ನು ತಡೆಯಹೋಗಿ ಎದುರಾಳಿಯೊಬ್ಬನ ಎರಡೂ ತೋಳಿನ ಮೂಳೆ ಮುರಿದವು. ಆ ಎದುರಾಳಿ ಮತ್ತೆ ಅಖಾಡಕ್ಕಿಳಿಯಲಿಲ್ಲ. ಅಪಿದೇತ್ ಮುಂದೆ ಹೊಸ ಹುಡುಗರಿಗೆ ಕಲಿಸುತ್ತ ಬಾಳಿ 2013ರಲ್ಲಿ ತೀರಿಕೊಂಡ. ಇನ್ನೊಬ್ಬ ಪೋನ್ ಕಿಂಗ್‌ಪೆಚ್. ಅವನ ಕೀರ್ತಿ ಪಾಶ್ಚಾತ್ಯ ಬಾಕ್ಸಿಂಗಿನದು. 1960ರ ಏಪ್ರಿಲಿನಲ್ಲಿ ಲುಂಪಿನಿಯಲ್ಲಿ, ದೊರೆ ಭೂಮಿಬೋಲರ ಎದುರಿಗೇ, ಅರ್ಜೆಂಟೀನಾದ ಪಾಸ್ಕುಯಲ್ ಪೆರೆಸ್‌ನನ್ನು ಸೋಲಿಸಿ ಥಾಯ್ಲೆಂಡಿನ ಮೊದಲ ವಿಶ್ವ ಚಾಂಪಿಯನ್ ಆದ. ಅವನ ಊರು ಹುವಾ ಹಿನ್‌ನಲ್ಲಿ ಪ್ರತಿಮೆ ನಿಂತಿದೆ.

ಆದರೆ ಮಾತು 1980ರ ದಶಕಕ್ಕೆ ಬಂದರೆ ಮುಗಿಯುವುದೇ ಇಲ್ಲ. ಅದನ್ನು ಸುವರ್ಣಯುಗವೆಂದೇ ಕರೆಯುತ್ತಾರೆ. ಅದರ ನಡುಮಧ್ಯದಲ್ಲಿ ಇಬ್ಬರು. ಚಾಚೆಂಗ್ಸಾವ್ ಪ್ರಾಂತದ ಸಮಾರ್ತ್ ಪಯಾಕರೂನ್ ಒಬ್ಬ, ಅಯುತ್ಥಯಾ ಕಡೆಯ ದೀಸೆಲ್‌ನೊಯ್ ಇನ್ನೊಬ್ಬ. ಸಮಾರ್ತ್ ಏಟು ತಪ್ಪಿಸಿಕೊಳ್ಳುವುದನ್ನು ನೋಡುವುದೇ ಒಂದು ಭೋಗ. ಎದುರಿನವನ ಕಾಲು ಮೇಲೇಳುವ ಮುಂಚೆಯೇ ಒಂದಿಷ್ಟು ಹಿಂದಕ್ಕೆ ಬಾಗಿ, ಏಟು ಗಾಳಿಗೆ ಹೋದ ಮೇಲೆ ನೆಟ್ಟಗೆ ನಿಂತು ಎದೆಗೆ ಪಾದ ಕೊಟ್ಟು ತಳ್ಳುತ್ತಿದ್ದ. ಬೆವರೇ ಬರದವನಂತೆ ಮುಖ. ಲುಂಪಿನಿಯಲ್ಲಿ ನಾಲ್ಕು ತೂಕದ ವರ್ಗಗಳಲ್ಲಿ ಬೆಲ್ಟ್ ಗೆದ್ದ. ಅದು ಸಾಲದೆಂದು 1986ರಲ್ಲಿ ಮೆಕ್ಸಿಕೋದ ಲೂಪೆ ಪಿಂಟೋರ್‌ನನ್ನು ಕೆಡವಿ ಬಾಕ್ಸಿಂಗ್ ವಿಶ್ವ ಪ್ರಶಸ್ತಿಯನ್ನೂ ತಂದ. ಆಮೇಲೆ ಹಾಡಿದ, ಸಿನಿಮಾದಲ್ಲಿ ನಟಿಸಿದ. ದೀಸೆಲ್‌ನೊಯ್ ಇದಕ್ಕೆ ತದ್ವಿರುದ್ಧ. ಬಿದಿರಿನಂತೆ ಉದ್ದ, ಚೆಲುವಿನ ಗೊಡವೆಯಿಲ್ಲ, ಎರಡು ಕೈಯಿಂದ ಕತ್ತು ಹಿಡಿದು ಮೊಣಕಾಲಿನಿಂದ ತಿವಿದನೆಂದರೆ ಬಿಡಿಸಿಕೊಳ್ಳುವಂತಿಲ್ಲ. 1982ರ ಡಿಸೆಂಬರಿನಲ್ಲಿ ಇದೇ ರಾಚದಮ್ನೋನ್‌ನಲ್ಲಿ ಇಬ್ಬರೂ ಎದುರಾದರು. ಗೆದ್ದದ್ದು ಮೊಣಕಾಲು. ಲುಂಪಿನಿಯ ಬೆಲ್ಟನ್ನು ವರ್ಷಗಟ್ಟಲೆ ಯಾರೂ ಕಸಿಯಲಾಗದೆ, ಕೊನೆಗೆ ಎದುರಾಳಿಗಳೇ ಸಿಗದೆ ದೀಸೆಲ್‌ನೊಯ್ ಮೂಲೆಗೆ ಸೇರಿದ. ಗೆಲ್ಲುವುದೇ ಹೊಟ್ಟೆಪಾಡಿಗೆ ಮುಳುವಾದ ಕ್ರೀಡಾಪಟುಗಳು ಹೆಚ್ಚಿಲ್ಲ. ಆದರೂ ಸರ್ವಶ್ರೇಷ್ಠ ಯಾರೆಂದರೆ ಹೆಚ್ಚಿನವರು ಸಮಾರ್ತ್ ಹೆಸರನ್ನೇ ಹೇಳುತ್ತಾರೆ. ನನ್ನ ಮತವೂ ಅದೇ. ಸೋತವನನ್ನು ಮೇಲಿಡುವ ಈ ತೀರ್ಪಿನಲ್ಲಿ ಥಾಯ್ ಅಭಿರುಚಿ ಇದೆ. ಅಲ್ಲಿನ ತೀರ್ಪುಗಾರರೂ ಏಟಿನ ಲೆಕ್ಕಕ್ಕಿಂತ ನಿಲುವು, ಸಮತೋಲ, ತಾನು ಕದಲದೆ ಎದುರಿನವನನ್ನು ಕದಲಿಸಿದ್ದಕ್ಕೆ ಹೆಚ್ಚು ಅಂಕ ಕೊಡುತ್ತಾರೆ.

ಈ ನೆನಪುಗಳು ಇಷ್ಟು ತಾಜಾ ಉಳಿಯಲು ಪತ್ರಿಕೆಗಳ ಪಾಲು ದೊಡ್ಡದು. ಥಾಯ್ಲೆಂಡಿನಲ್ಲಿ ಮಲ್ಲಕಾಳಗಕ್ಕೆಂದೇ ಪತ್ರಿಕೆಗಳಿವೆ. 'ಮುವಾಯ್ ಸಯಾಮ್' ಅವುಗಳಲ್ಲಿ ಹೆಸರುವಾಸಿ. ಯಾರ ಮೇಲೆ ಯಾರು, ಯಾರ ತೂಕ ಎಷ್ಟು ಇಳಿದಿದೆ, ಯಾವ ಗರಡಿಯ ಹುಡುಗ ಜ್ವರದಿಂದ ಎದ್ದಿದ್ದಾನೆ ಎಂಬ ಸುದ್ದಿಗೆ ಬೆಳಿಗ್ಗೆಯೇ ಕಾಯುವವರಿದ್ದಾರೆ. ಬಾಜಿ ಕಟ್ಟುವವರಿಗೆ ಅದು ಪಂಚಾಂಗ. ಕ್ರೀಡಾ ಪತ್ರಕರ್ತರ ಸಂಘ ಕೊಡುವ ವರ್ಷದ ಮಲ್ಲ ಪ್ರಶಸ್ತಿಯ ಗೌರವ ಬೆಲ್ಟಿಗಿಂತ ಕಡಿಮೆಯದಲ್ಲ. ಸಮಾರ್ತ್‌ಗೆ ಅದು 1981, 1983 ಮತ್ತು 1988ರಲ್ಲಿ ಬಂತು. ಭಾನುವಾರ ಮಧ್ಯಾಹ್ನ ಚಾನೆಲ್ 7ರಲ್ಲಿ ಬರುವ ಕಾಳಗಕ್ಕೆ ಹಳ್ಳಿಗಳ ಅಂಗಡಿ ಮುಂದೆ ಜನ ಸೇರುತ್ತಾರೆ.

ಆ ಜನರ ಮಕ್ಕಳೇ ಅಖಾಡಕ್ಕೂ ಬರುವುದು. ಬಹುಪಾಲು ಈಶಾನ್ಯದ ಇಸಾನ್ ಸೀಮೆಯವರು. ಮಳೆ ನಂಬಿದ ಭತ್ತದ ಗದ್ದೆ, ಸಾಲ, ಮನೆ ತುಂಬ ಜನ. ಎಂಟು ಹತ್ತು ವಯಸ್ಸಿಗೇ ಗರಡಿ ಸೇರಿದ ಹುಡುಗ ಗರಡಿಯ ಹೆಸರನ್ನೇ ಅಡ್ಡಹೆಸರಾಗಿ ತೊಡುತ್ತಾನೆ. ಗೆದ್ದ ಹಣದಲ್ಲಿ ಒಂದು ಪಾಲು ಗರಡಿಗೆ, ಉಳಿದದ್ದರಲ್ಲಿ ಹೆಚ್ಚಿನದು ಊರಿಗೆ. ಇದನ್ನು ಗುರುಕುಲವೆಂದು ಕೊಂಡಾಡಿ ಸುಮ್ಮನಾಗುವಂತಿಲ್ಲ. 2018ರ ನವೆಂಬರಿನಲ್ಲಿ ಬ್ಯಾಂಕಾಕಿನ ಪಕ್ಕದ ಸಮುತ್ ಪ್ರಾಕಾನ್‌ನಲ್ಲಿ 13 ವರ್ಷದ ಬಾಲಕನೊಬ್ಬ ಏಟು ತಿಂದು ಬಿದ್ದು, ಮಿದುಳಿನಲ್ಲಿ ರಕ್ತಸ್ರಾವವಾಗಿ ಸತ್ತ. ಎಂಟನೆಯ ವಯಸ್ಸಿನಿಂದ ಅಷ್ಟರೊಳಗೆ 170ಕ್ಕೂ ಹೆಚ್ಚು ಕಾಳಗ ಆಡಿದ್ದ. ಚಿಕ್ಕ ಮಕ್ಕಳ ಕಾಳಗ ನಿಷೇಧಿಸಬೇಕೆಂಬ ಮಸೂದೆಯ ಮಾತು ಎದ್ದಾಗ, ಹಾಗೆ ಮಾಡಿದರೆ ಮಲ್ಲರೇ ಹುಟ್ಟುವುದಿಲ್ಲವೆಂದು ಗರಡಿಗಳವರು ವಾದಿಸಿದರು. ಆ ವಾದ ನನಗೆ ಒಪ್ಪಿಗೆಯಿಲ್ಲ. ವಂದನೆಯನ್ನು ಎಂಟಕ್ಕೆ ಕಲಿಯಲಿ, ತಲೆಗೆ ಏಟು ಹದಿನೆಂಟಕ್ಕೆ ಬೀಳಲಿ.

ಈಚಿನ ಸುದ್ದಿಗಳಲ್ಲಿ ಹಳತು ಹೊಸತರ ಎಳೆದಾಟ ಜೋರಾಗಿದೆ. 2020ರ ಮಾರ್ಚಿನಲ್ಲಿ ಲುಂಪಿನಿಯ ಒಂದು ರಾತ್ರಿಯ ಕಾಳಗದಿಂದ ಕೋವಿಡ್ ದೇಶದ ತುಂಬ ಹರಡಿತು. ಕ್ರೀಡಾಂಗಣ ಮತ್ತೆ ತೆರೆದಾಗ ಬಾಜಿಗೂ ಬಾಗಿಲು ಮುಚ್ಚಿದರು. 2023ರ ಜನವರಿಯಿಂದ ಅಲ್ಲಿ ಶುಕ್ರವಾರದ ರಾತ್ರಿಗಳು ಸಿಂಗಪುರದ ಒಂದು ಕಂಪನಿಯ ಪಂದ್ಯಾವಳಿಯ ಪಾಲಾಗಿವೆ. ತೆಳ್ಳನೆಯ ಗವಸು, ಮೂರೇ ಸುತ್ತು, ಕೆಡವಿದವರಿಗೆ ಬಹುಮಾನ. ರಾಚದಮ್ನೋನ್ ಕೂಡ 2022ರಲ್ಲಿ ತನ್ನದೇ ಸರಣಿ ಹೂಡಿ ಬೆಳಕು, ಪರದೆ, ಹೊಗೆ ಎಲ್ಲ ತಂದಿತು. ನಿಧಾನವಾಗಿ ಕಾವೇರುವ ಐದು ಸುತ್ತಿನ ರುಚಿ ಬಲ್ಲವರಿಗೆ ಇದು ಸಪ್ಪೆ. ಆದರೆ ವಿದೇಶಿ ವೀಕ್ಷಕರು ಬಂದರು, ಮಲ್ಲರ ಸಂಭಾವನೆ ಏರಿತು. ಅದನ್ನು ಅಲ್ಲಗಳೆಯಲಾಗದು. ಅದೇ 2023ರಲ್ಲಿ ಆಗ್ನೇಯ ಏಷ್ಯಾ ಕ್ರೀಡಾಕೂಟದ ಆತಿಥ್ಯ ವಹಿಸಿದ ಕಾಂಬೋಡಿಯಾ ಈ ಆಟಕ್ಕೆ ಕುನ್ ಖಮೇರ್ ಎಂದು ತನ್ನ ಹೆಸರಿಟ್ಟಾಗ ಥಾಯ್ಲೆಂಡ್ ಆ ಸ್ಪರ್ಧೆಗೆ ತಂಡವನ್ನೇ ಕಳಿಸಲಿಲ್ಲ. ಒಲಿಂಪಿಕ್ ಸಮಿತಿ 2021ರಲ್ಲಿ ಮುವಾಯ್ ಥಾಯ್ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿದೆ. ಒಲಿಂಪಿಕ್ ಅಖಾಡ ಮಾತ್ರ ಇನ್ನೂ ಸಿಕ್ಕಿಲ್ಲ.

ಬ್ಯಾಂಕಾಕಿಗೆ ಹೋಗುವ ಕನ್ನಡಿಗರು ಈಗ ಕಡಿಮೆಯೇನಿಲ್ಲ. ದೇವಾಲಯ, ಮಾರುಕಟ್ಟೆ, ಕಡಲತೀರ ಮುಗಿಸಿ ಒಂದು ಸಂಜೆ ಉಳಿದರೆ ರಾಚದಮ್ನೋನ್‌ಗೆ ಹೋಗಿ. ಸಾಧ್ಯವಾದರೆ ಐದು ಸುತ್ತಿನ ಹಳೆಯ ಕ್ರಮದ ಕಾಳಗವಿರುವ ದಿನವನ್ನೇ ಆರಿಸಿಕೊಳ್ಳಿ. ಅಖಾಡಕ್ಕೆ ಅಂಟಿಕೊಂಡ ಕುರ್ಚಿಗೆ ದುಡ್ಡು ಸುರಿಯಬೇಡಿ, ಮೇಲಿನ ಮೆಟ್ಟಿಲುಗಳಲ್ಲಿ ಕುಳಿತರೆ ವಾದ್ಯವೂ ಕೇಳಿಸುತ್ತದೆ, ಜನರೂ ಕಾಣುತ್ತಾರೆ. ದೊಡ್ಡ ಹೆಸರಿನವರ ಕಾಳಗ ಆಮೇಲೆ ಇರುತ್ತದೆಂದು ತಡವಾಗಿ ಹೋಗಬೇಡಿ. ಸಂಜೆಯ ಮೊದಲ ಜೋಡಿಯ ಹುಡುಗರ ಹೆಸರನ್ನು ಯಾರೂ ಕೇಳಿರುವುದಿಲ್ಲ, ಆದರೆ ವಾಯ್ ಕ್ರೂವನ್ನು ಒಂದು ಹೆಜ್ಜೆಯನ್ನೂ ಬಿಡದೆ ಮಾಡುವವರು ಅವರೇ.