ಡಾಕ್ಟ್ರು ಬಂದ್ರೆ ದನ ಒದೆಯುವುದು ಎಂತಕ್ಕೆ?

ಡಾಕ್ಟ್ರು ಹಟ್ಟಿಗೆ ಕಾಲಿಟ್ಟ ಕೂಡ್ಲೇ
ದನ ಒದೆಯುವುದು ಎಂತಕ್ಕೆ?
ಸೊಕ್ಕಾ? ಅಲ್ಲ ಮಾರಾಯ್ರೆ, ಹೆದರಿಕೆ.

ದನದ ಕಣ್ಣು ತಲೆಯ ಎರಡು ಬದಿಗೆ.
ಸುತ್ತ ಹೆಚ್ಚುಕಡಿಮೆ ಎಲ್ಲ ಕಾಣ್ತದೆ,
ಬಾಲದ ಹಿಂದೆ ಕಾಣುವುದಿಲ್ಲ.
ಕುಂದಾಪುರ–ಬೈಂದೂರು ಹೆದ್ದಾರಿಯಲ್ಲಿ
ಲಾರಿಯ ಬೆನ್ನಿಗೇ ಅಂಟಿಕೊಂಡ ಬೈಕಿನ ಹಾಗೆ,
ಡ್ರೈವರಿಗೆ ನೀವು ಕಾಣುವುದೇ ಇಲ್ಲ!

ಅದಕ್ಕೇ ತಿಳಿದ ಡಾಕ್ಟ್ರು
ಭುಜದ ಬದಿಯಿಂದ, ಮಾತಾಡ್ತಾ ಬರ್ತಾರೆ.
ನಮ್ಮ ಮಲೆನಾಡು ಗಿಡ್ಡ ತಳಿಯ ದನ ಅಂತೂ ಬಲು ಚುರುಕು.
ಅದಕ್ಕೆ ಇನ್ನೂ ನಿಧಾನ ಬೇಕು.

ಹೆದರಿದರೆ ಎದೆಬಡಿತ ಏರ್ತದೆ,
ಮೈಬಿಸಿಯೂ ಏರಬಹುದು.
ಜ್ವರವೋ ಗಾಬರಿಯೋ, ಗೊತ್ತಾಗುವುದು ಹೇಗೆ?

ಇನ್ನು ನೋವಿನ ಮಾತು: ನೋವಿದ್ದರೂ ದನ ಕೂಗುವುದು ಕಡಿಮೆ.
ಬೆನ್ನು ಗೂನು ಮಾಡಿ ನಿಲ್ತದೆ.
ಮೆಲುಕು ಹಾಕುವುದು ಬಿಡ್ತದೆ.
ಕಟಕಟ ಹಲ್ಲು ಕಡಿತದೆ.

ಇದು ಕಂಡ್ರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.
ಮೊಬೈಲಲ್ಲಿ ವಿಡಿಯೋ ತೆಗೆದಿಡಿ.
ಹೊಸಬರು ಬಂದ ಕೂಡ್ಲೇ
ದನ ನೋವೆಲ್ಲ ಅಡಗಿಸಿ ನಿಲ್ಲಬಹುದು!